ಮೂರು ಫ್ರೇಮಿನ ‘ಮಿನಿಮಲಿಸ್ಟ್’ ಸೆಟ್: ಮುರಕಲ್ಲ ಗೋಡೆಯ ಮೇಲೆ ಎಷ್ಟು ಬಾಳುತ್ತದೆ?

ಆನ್‌ಲೈನಿನಲ್ಲಿ ‘ಮಿನಿಮಲಿಸ್ಟ್ ವಾಲ್ ಆರ್ಟ್’ (ತೀರ ಕಡಿಮೆ ಗೆರೆ, ಬಣ್ಣದ ಗೋಡೆಚಿತ್ರ) ಎಂದು ಹುಡುಕಿದರೆ ಮೊದಲು ಎದುರಾಗುವ ಮಾಲು ಇದೇ: ಎ3 ಅಳತೆಯ ಮೂರು ಚಿತ್ರ, ಕಪ್ಪು ಅಥವಾ ತೇಗದ ಬಣ್ಣದ ಸಪೂರ ಫ್ರೇಮು, ತಿಳಿಕಂದು ಹಿನ್ನೆಲೆ, ಅದರ ಮೇಲೆ ಒಂದು ಅರ್ಧಚಂದ್ರ, ಒಂದು ಎಲೆ, ಒಂದೇ ಗೆರೆಯಲ್ಲಿ ಎಳೆದ ಹೆಣ್ಣಿನ ಮುಖ. ಬೆಲೆ ಮೂರಕ್ಕೂ ಸೇರಿ ಸಾವಿರದ ಆಚೀಚೆ. ಮಾರುವವರ ಹೆಸರು ಹತ್ತಾರು, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಹಾಗಾಗಿ ಇಲ್ಲಿ ಬ್ರ್ಯಾಂಡಿನ ಹೆಸರಿಲ್ಲ, ಮಾಲಿನ ವಿಮರ್ಶೆ ಮಾತ್ರ. ಹೋಲಿಸಿ ನೋಡಲು ಇನ್ನೆರಡು ದಾರಿಗಳನ್ನೂ ಪಕ್ಕದಲ್ಲಿಟ್ಟಿದ್ದೇವೆ: ಒಳ್ಳೆಯ ಕಾಗದದಲ್ಲಿ ಮುದ್ರಿಸಿ ಊರಿನ ಗಾಜಿನಂಗಡಿಯಲ್ಲಿ ಕಟ್ಟು ಹಾಕಿಸುವುದು, ಮತ್ತೆ ಫ್ರೇಮಿನ ಗೊಡವೆಯೇ ಬೇಡವೆಂದು ನೇರ ಗೋಡೆಗೇ ಬಣ್ಣದಲ್ಲಿ ಬರೆಸುವುದು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಕಡಲ ಬದಿಯ ಮನೆಗಳಿಗೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟದ ನಡುವಿನ ಮನೆಗಳಿಗೆ ಈ ಸೆಟ್ ಬಂದ ಹಾಗೆಯೇ ತೂಗುಹಾಕಿದರೆ ಒಂದು ಮಳೆಗಾಲದ ಮಾಲು. ಸ್ವಲ್ಪ ತಯಾರಿ ಮಾಡಿ ಹಾಕಿದರೆ ಮೂರು ನಾಲ್ಕು ವರ್ಷ ತಡೆದೀತು. ಕಾರಣ ಸರಳ. ಯಕ್ಷಗಾನದ ಬಣ್ಣದ ವೇಷದ ಫೋಟೋ ಇದ್ದರೆ ಅದರಲ್ಲಿ ಒಂದು ಬೂಸ್ಟಿನ ಚುಕ್ಕೆ, ಒಂದು ಸುಕ್ಕು, ಮುದ್ರಣದ ಒಂದು ಅಡ್ಡಪಟ್ಟೆ ಯಾರ ಕಣ್ಣಿಗೂ ಬೀಳದು. ಮುಕ್ಕಾಲು ಪಾಲು ಖಾಲಿ ಇರುವ ಚಿತ್ರದಲ್ಲಿ ಮೊದಲು ಕಾಣುವುದೇ ಅವು. ಇಲ್ಲಿ ದುಡ್ಡು ಕೊಡುವುದು ಖಾಲಿ ಜಾಗಕ್ಕೆ, ಆದ್ದರಿಂದ ಪರೀಕ್ಷಿಸಬೇಕಾದ್ದೂ ಖಾಲಿ ಜಾಗವನ್ನೇ.

ಪೆಟ್ಟಿಗೆಯೊಳಗೆ ಏನಿದೆ

ಫ್ರೇಮು ಮರವಲ್ಲ. ಅಂಗಡಿಯವರು ‘ಸಿಂಥೆಟಿಕ್’ ಎನ್ನುವ ಪಾಲಿಸ್ಟೈರೀನ್ ಪಟ್ಟಿ, ಅಗಲ ಅರ್ಧದಿಂದ ಮುಕ್ಕಾಲು ಇಂಚು, ಮೂಲೆಗಳಲ್ಲಿ ಹಿಂದಿನಿಂದ ಬಡಿದ ವಿ-ಮೊಳೆ. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ನಮ್ಮಲ್ಲಿ ಒರಲೆ ಹಿಡಿಯದ, ನೀರು ಕುಡಿದು ಉಬ್ಬದ ಫ್ರೇಮು ಎಂದರೆ ಅದೇ ದೊಡ್ಡ ಗುಣ. ಅಗ್ಗದ ಮಾವಿನ ಮರದ ಪಟ್ಟಿಗಿಂತ ಇದು ವಾಸಿ. ದೋಷ ಒಂದೇ, ಬಿದ್ದರೆ ಮೂಲೆ ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ.

ತೊಂದರೆ ಇರುವುದು ಅದರ ಹಿಂದೆ. ಚಿತ್ರಕ್ಕೆ ಗಾಜಿಲ್ಲ. ಮುದ್ರಿಸಿದ ಹಾಳೆಯ ಮೇಲೆ ಮ್ಯಾಟ್ ಲ್ಯಾಮಿನೇಶನ್ ಎಳೆದು, ಸುಮಾರು 3 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ) ಹಲಗೆಗೆ ಅಂಟಿಸಿರುತ್ತಾರೆ. ಮುಂಬದಿಗೆ ಪ್ಲಾಸ್ಟಿಕ್ ಪದರ, ಹಿಂಬದಿ ಬೋಳು. ಜೂನ್ ಬಂತೆಂದರೆ ಎಂಡಿಎಫ್ ಹಿಂದಿನಿಂದ ಮತ್ತು ಅಂಚಿನಿಂದ ಮಾತ್ರ ತೇವ ಎಳೆದುಕೊಳ್ಳುತ್ತದೆ, ಒಂದು ಬದಿ ಹಿಗ್ಗುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ. ಹಲಗೆ ಬಾಗುವುದು ಹೀಗೆ. ಬಾಗಿದ ಹಲಗೆಯ ಅಂಚಿನಲ್ಲಿ ಲ್ಯಾಮಿನೇಶನ್ ಏಳುತ್ತದೆ, ಒಳಗೆ ಗುಳ್ಳೆ ಬರುತ್ತದೆ. ಗುಳ್ಳೆ ತಿಳಿಕಂದು ಬಯಲಿನ ನಡುವೆ ಬಂದರೆ ಆ ಚಿತ್ರದ ಕತೆ ಮುಗಿಯಿತು.

ಇದಕ್ಕೆ ಮದ್ದು ಅರ್ಧ ದಿನದ ಕೆಲಸ. ತೂಗುಹಾಕುವ ಮೊದಲು ಹಿಂದಿನ ಹುಕ್ಕು ಬಿಚ್ಚಿ, ಎಂಡಿಎಫ್‌ನ ಹಿಂಬದಿಗೂ ನಾಲ್ಕು ಅಂಚಿಗೂ ಎಣ್ಣೆಯ ವುಡ್ ಪ್ರೈಮರನ್ನೋ ಪಾರದರ್ಶಕ ಪಿಯು (ಪಾಲಿಯುರೆಥೇನ್) ವಾರ್ನಿಶನ್ನೋ ತೆಳ್ಳಗೆ ಎರಡು ಕೋಟು ಕೊಡಿ. ಅಂಚು ಮೇಲ್ಮೈಗಿಂತ ಹೆಚ್ಚು ಕುಡಿಯುತ್ತದೆ, ಅಲ್ಲಿಗೆ ಮೂರನೆಯ ಕೋಟು ಬೇಕಾಗುತ್ತದೆ. ನೀರಿನಲ್ಲಿ ಕಲಸುವ ಪ್ರೈಮರ್ ಬೇಡ, ಅದೇ ಹಲಗೆಯನ್ನು ಉಬ್ಬಿಸುತ್ತದೆ. ಒಣಗಲು ಒಂದು ಪೂರ್ತಿ ದಿನ ಬಿಟ್ಟು ಆಮೇಲೆ ಹುಕ್ಕು ಹಾಕಿ. ಈ ಕೆಲಸ ಏಪ್ರಿಲ್ ಮೇಯಲ್ಲಿ ಆಗಬೇಕು. ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ವಾರ್ನಿಶ್ ಬಳಿದರೆ ಒಳಗಿನ ತೇವವನ್ನು ಒಳಗೇ ಕಟ್ಟಿಹಾಕಿದಂತಾಗುತ್ತದೆ.

ಅಳತೆಯ ವಿಷಯದಲ್ಲೂ ಒಂದು ಎಚ್ಚರ. ಎ3 ಎಂದರೆ 297×420 ಮಿ.ಮೀ. ಕೆಲವರು ಫ್ರೇಮಿನ ಹೊರಗಿನ ಅಳತೆಯನ್ನೇ ಎ3 ಎಂದು ಬರೆಯುತ್ತಾರೆ, ಆಗ ಕಾಣುವ ಚಿತ್ರ ಉದ್ದ, ಅಗಲ ಎರಡರಲ್ಲೂ ಮೂರು ನಾಲ್ಕು ಸೆಂ.ಮೀ. ಕಮ್ಮಿ. ತಗೊಳ್ಳುವ ಮೊದಲು ಒಳ ಅಳತೆ ಕೇಳಿ.

ಮುದ್ರಣ

ಒಂದೇ ಬಣ್ಣದ ದೊಡ್ಡ ಬಯಲನ್ನು ಸಮನಾಗಿ ಮುದ್ರಿಸುವುದು ಇಂಕ್‌ಜೆಟ್ ಯಂತ್ರಕ್ಕೆ ಬಹಳ ಕಷ್ಟದ ಕೆಲಸ. ಶಾಯಿ ಚಿಮ್ಮುವ ಒಂದು ನಾಝಲ್ ಕಟ್ಟಿಕೊಂಡಿದ್ದರೂ, ಕಾಗದ ಮುಂದೆ ಸರಿಯುವ ಲೆಕ್ಕ ಕೂದಲೆಳೆಯಷ್ಟು ತಪ್ಪಿದರೂ ಅಡ್ಡಪಟ್ಟೆ ಬೀಳುತ್ತದೆ. ಹೂವಿನ ಚಿತ್ರದಲ್ಲಿ ಇದು ಅಡಗುತ್ತದೆ, ಅರ್ಧಚಂದ್ರದ ಚಿತ್ರದಲ್ಲಿ ಅಡಗುವುದಿಲ್ಲ. ಪರೀಕ್ಷಿಸುವುದು ಹೀಗೆ: ಬೆಳಗ್ಗಿನ ಹೊತ್ತು ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಚಿತ್ರ ಹಿಡಿದು, ಒಂದು ಕೈ ದೂರದಿಂದ ನೋಡಿ, ಆಮೇಲೆ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಟ್ಯೂಬ್‌ಲೈಟಿನ ಕೆಳಗೆ ಪಟ್ಟೆ ಸರಿಯಾಗಿ ಗೊತ್ತಾಗುವುದಿಲ್ಲ. ಇಂಥ ಸೆಟ್ಟುಗಳಲ್ಲಿ ಮೂರೂ ಚಿತ್ರದ ಹಿನ್ನೆಲೆ ಒಂದೇ ಕಂದಾಗಿರುತ್ತದೆ ಎಂದೂ ನಂಬಬೇಡಿ. ಬೇರೆ ಬೇರೆ ದಿನ ಮುದ್ರಿಸಿದ್ದನ್ನು ಒಟ್ಟು ಮಾಡಿ ಪೆಟ್ಟಿಗೆಗೆ ಹಾಕಿದರೆ ಒಂದು ಗುಲಾಬಿಯ ಕಡೆಗೆ, ಇನ್ನೊಂದು ಹಸಿರಿನ ಕಡೆಗೆ ವಾಲಿರುತ್ತದೆ. ಮೂರನ್ನೂ ಅಂಚಿಗೆ ಅಂಚು ತಾಗಿಸಿ ನೆಲದಲ್ಲಿಟ್ಟು ನೋಡಿದರೆ ತಿಳಿಯುತ್ತದೆ.

ಕಾಗದದ ಬಿಳುಪನ್ನು ತಿಳಿಯಲು ಅಂಗಡಿಗಳಲ್ಲಿ ನೋಟು ನೋಡುವ ನೇರಳೆ ಟಾರ್ಚ್ ಸಾಕು. ಕತ್ತಲೆಯಲ್ಲಿ ಕಾಗದದ ಬಿಳಿ ಭಾಗಕ್ಕೆ ಹಿಡಿದಾಗ ಅದು ನೀಲಿಯಾಗಿ ಹೊಳೆದರೆ ಬಿಳುಪು ಬಂದದ್ದು ಬ್ರೈಟನರ್ ರಾಸಾಯನಿಕದಿಂದ. ಅದರ ಶಕ್ತಿ ಬೆಳಕಿಗೆ ಇಳಿಯುತ್ತಾ ಹೋಗುತ್ತದೆ, ಕಾಗದ ಹಳದಿಗೆ ತಿರುಗುತ್ತದೆ. ಹೊಳೆಯದೆ ಮಂಕಾಗಿಯೇ ಉಳಿದರೆ ಬ್ರೈಟನರ್ ಇಲ್ಲದ ಕಾಗದ. ಸಾವಿರ ರೂಪಾಯಿಯ ಸೆಟ್ಟಿನಲ್ಲಿ ಹೊಳೆಯದ ಕಾಗದ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ‘ಆರ್ಕೈವಲ್’ (ಬಹುಕಾಲ ಬಾಳುವಂಥದ್ದು) ಎಂದು ಹೇಳಿ ಮೂರು ಪಟ್ಟು ತೆಗೆದುಕೊಳ್ಳುವವರಲ್ಲಿ ಈ ಪರೀಕ್ಷೆ ಖಂಡಿತ ಮಾಡಬೇಕು.

ಹೆಸರಿಗೂ ಸರಕಿಗೂ ಇರುವ ದೂರ

ಈಗ ಚಿತ್ರದ ಮಾತು. ಅರ್ಧಚಂದ್ರ, ಎಲೆ, ಮುಖ ಇವಕ್ಕೂ ಮಿನಿಮಲಿಸಂ ಎಂಬ ಕಲಾ ಚಳವಳಿಗೂ ಇರುವ ನಂಟು ತೀರ ತೆಳ್ಳಗಿನದು. ಆ ಚಳವಳಿ ಗಟ್ಟಿಯಾದದ್ದು 1960ರ ದಶಕದ ನ್ಯೂಯಾರ್ಕಿನಲ್ಲಿ, ಮತ್ತು ಅದರ ಮೊದಲ ಹಟವೇ ಎಲೆಯನ್ನೂ ಮುಖವನ್ನೂ ಹೊರಗಿಡುವುದಾಗಿತ್ತು. ಅಮೆರಿಕದ ಚಿತ್ರಕಾರ ಫ್ರಾಂಕ್ ಸ್ಟೆಲ್ಲಾ 1959ರಲ್ಲಿ ಅಲ್ಲಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ತೋರಿಸಿದ ಕಪ್ಪು ಚಿತ್ರಗಳಿಗೆ ಬಳಸಿದ್ದು ಮನೆಗೆ ಬಳಿಯುವ ಎನಾಮೆಲ್, ಪೇಂಟರುಗಳ ಬ್ರಶ್ಶು. ಪಟ್ಟಿಯ ಅಗಲ ಬ್ರಶ್ಶಿನ ಅಗಲ, ಎರಡು ಪಟ್ಟಿಗಳ ನಡುವೆ ಬಣ್ಣ ಕಾಣದ ಕ್ಯಾನ್ವಾಸಿನ ಗೆರೆ. ಡಾನ್ ಫ್ಲೇವಿನ್ 1963ರಲ್ಲಿ ಪೇಟೆಯಲ್ಲಿ ಸಿಗುವ ಎಂಟಡಿಯ ಹಳದಿ ಟ್ಯೂಬ್‌ಲೈಟನ್ನು 45 ಡಿಗ್ರಿ ಓರೆಯಾಗಿ ಗೋಡೆಗೆ ಹಾಕಿ ಅದೇ ಕೃತಿ ಎಂದ. ಡೊನಾಲ್ಡ್ ಜಡ್ ತನ್ನ ಪೆಟ್ಟಿಗೆಗಳನ್ನು ಕೈಯಲ್ಲಿ ಮಾಡುವುದನ್ನು ಬಿಟ್ಟು 1964ರಿಂದ ತಗಡಿನ ಕೆಲಸದ ವರ್ಕ್‌ಶಾಪಿಗೆ ಕೊಟ್ಟ. ಕಾರ್ಲ್ ಆಂಡ್ರೆ 1966ರಲ್ಲಿ 120 ಬೆಂಕಿಯಿಟ್ಟಿಗೆಗಳನ್ನು ಎರಡು ವರಸೆಯಾಗಿ ನೆಲದಲ್ಲಿ ಜೋಡಿಸಿದ. ಲಂಡನ್ನಿನ ಟೇಟ್ ಗ್ಯಾಲರಿ ಅದನ್ನು 1972ರಲ್ಲಿ ಕೊಂಡಿತು, ಸರಕಾರದ ದುಡ್ಡಿನಲ್ಲಿ ಇಟ್ಟಿಗೆ ಕೊಂಡರೆಂದು ಪತ್ರಿಕೆಗಳು ರಂಪ ಮಾಡಿದ್ದು 1976ರಲ್ಲಿ. ‘ಮಿನಿಮಲ್ ಆರ್ಟ್’ ಎಂಬ ಹೆಸರು ಬಳಕೆಗೆ ಬಂದದ್ದು ತತ್ತ್ವಶಾಸ್ತ್ರಜ್ಞ ರಿಚರ್ಡ್ ವೊಲ್‌ಹೈಮ್ 1965ರಲ್ಲಿ ಬರೆದ ಲೇಖನದ ಬಳಿಕ. ಜಡ್ ಮೊದಲಾದವರಿಗೆ ಆ ಹೆಸರು ಹಿಡಿಸಲೂ ಇಲ್ಲ.

ಇವರೆಲ್ಲರ ಆಸಕ್ತಿ ಇದ್ದದ್ದು ವಸ್ತುವಿನಲ್ಲಿ: ಈ ಲೋಹ, ಈ ಇಟ್ಟಿಗೆ, ಈ ಬಣ್ಣ ಇಷ್ಟು ದಪ್ಪ, ಇಷ್ಟು ಅಗಲ, ಇಷ್ಟು ಹೊಳಪು. ಎಂಡಿಎಫ್‌ಗೆ ಮರದ ವೇಷ, ಪ್ಲಾಸ್ಟಿಕ್ಕಿಗೆ ತೇಗದ ವೇಷ, ಮುದ್ರಣಕ್ಕೆ ಕ್ಯಾನ್ವಾಸಿನ ವೇಷ ಹಾಕಿದ ಸೆಟ್ಟನ್ನು ಅವರೆದುರು ಇಟ್ಟಿದ್ದರೆ ಏನೆನ್ನುತ್ತಿದ್ದರೋ. ಹಾಗೆ ನೋಡಿದರೆ ತೇಗದ ಬಣ್ಣದ್ದಕ್ಕಿಂತ ಕಪ್ಪು ಫ್ರೇಮೇ ಮೇಲು, ಅದು ತಾನು ಮರ ಎಂದು ನಟಿಸುವುದಿಲ್ಲ.

ಇನ್ನೂ ಹಿಂದಿನ ಬೇರು ರಷ್ಯದಲ್ಲಿದೆ. ಕಾಜಿಮಿರ್ ಮಲೇವಿಚ್ ತನ್ನ ಕಪ್ಪು ಚೌಕವನ್ನು 1915ರ ಡಿಸೆಂಬರಿನಲ್ಲಿ ಪೆಟ್ರೊಗ್ರಾಡಿನ ಪ್ರದರ್ಶನದಲ್ಲಿ ಕೋಣೆಯ ಮೂಲೆಯಲ್ಲಿ, ಮೇಲೆ, ಸೂರಿನ ಹತ್ತಿರ ತೂಗುಹಾಕಿದ. ರಷ್ಯನ್ನರ ಮನೆಗಳಲ್ಲಿ ದೇವರ ಪಟ ಇರುವ ಜಾಗ ಅದು. ಕ್ಯಾನ್ವಾಸ್ 79.5 ಸೆಂ.ಮೀ. ಚದರ, ಚೌಕದ ಬದಿಗಳು ಅಳತೆಗೋಲಿನಲ್ಲಿ ಎಳೆದಷ್ಟು ನೇರವಾಗಿಲ್ಲ. ಕೆಳಗೆ ಬೇರೆ ಬಣ್ಣದ ಚಿತ್ರವಿದ್ದು ಅದರ ಮೇಲೇ ಕಪ್ಪು ಬಳಿದದ್ದರಿಂದ ಮೇಲ್ಪದರ ಬಿರಿದಿದೆ, ಬಿರುಕಿನೊಳಗಿಂದ ಬಣ್ಣ ಇಣುಕುತ್ತದೆ. ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿ 2015ರಲ್ಲಿ ಎಕ್ಸ್‌ರೇ ಮಾಡಿ ಅಡಿಯ ಚಿತ್ರಗಳನ್ನು ತೋರಿಸಿತು. ಮಾರುಕಟ್ಟೆಯ ‘ಕಪ್ಪು ಚೌಕ’ ಪೋಸ್ಟರುಗಳಲ್ಲಿ ಹೆಚ್ಚಿನವು ಕಂಪ್ಯೂಟರಿನಲ್ಲಿ ಎಳೆದ ಪೆಟ್ಟಿಗೆ. ಬಿರುಕಿಲ್ಲ, ಓರೆಯಿಲ್ಲ, ಅಂದರೆ ಚಿತ್ರವೇ ಇಲ್ಲ. ತಗೊಳ್ಳುವುದಾದರೆ ಮೂಲದ ಛಾಯಾಚಿತ್ರದಿಂದ ಮುದ್ರಿಸಿದ್ದನ್ನೇ ತಗೊಳ್ಳಿ.

ಒಂದೇ ಗೆರೆಯ ಮುಖದ ವಂಶ ಬೇರೆ, ಅದು ಮಟೀಸ್, ಪಿಕಾಸೊ ಎಳೆದ ರೇಖೆಗಳ ದೂರದ ನೆಂಟ. ನಮಗೆ ಅಳೆದು ನೋಡಲು ಇನ್ನೂ ಹತ್ತಿರದ ಗೆರೆ ಇದೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳಲ್ಲಿ ಗೆರೆಗೆ ಭಾರವಿದೆ: ತಿರುವಿನಲ್ಲಿ ದಪ್ಪ, ಓಟದಲ್ಲಿ ಸಪೂರ, ಕೊನೆಯಲ್ಲಿ ಶಾಯಿ ಒಣಗಿದ ಗುರುತು. ಸೆಟ್ಟಿನ ಮುಖದ ಗೆರೆ ತುದಿಯಿಂದ ತುದಿಗೆ ಒಂದೇ ದಪ್ಪ. ಮೌಸಿನಲ್ಲಿ ಎಳೆದ ಗೆರೆಯ ಲಕ್ಷಣವೇ ಅದು. ಮೂರರಲ್ಲಿ ಅತ್ಯಂತ ದುರ್ಬಲ ಚಿತ್ರ ಇದೇ. ಅರ್ಧಚಂದ್ರ ಪರವಾಗಿಲ್ಲ.

ದೇಶದೊಳಗೆ ಈ ದಾರಿಯಲ್ಲಿ ಬಹಳ ದೂರ ನಡೆದವರು ನಸ್ರೀನ್ ಮೊಹಮದಿ (1937–1990). ಬರೋಡದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದವರು. ಶಾಯಿ, ಪೆನ್ಸಿಲ್, ಡ್ರಾಯಿಂಗ್ ಉಪಕರಣ ಇಷ್ಟರಲ್ಲೇ ಸಪೂರ ಗೆರೆಗಳ ಚಿತ್ರ, ಬಹುಪಾಲಿಗೆ ಹೆಸರೂ ಇಲ್ಲ, ತಾರೀಕೂ ಇಲ್ಲ. ಇಂಥ ಚಿತ್ರಗಳ ಅಗ್ಗದ ಪ್ರತಿ ತಗೊಳ್ಳಬೇಡಿ ಎನ್ನುವುದಕ್ಕೆ ಲೆಕ್ಕವೇ ಇದೆ. ಅಮೆರಿಕದ ಕಲಾವಿದೆ ಆಗ್ನೆಸ್ ಮಾರ್ಟಿನ್ ಅವರ ಹೆಸರಾಂತ ಪೆನ್ಸಿಲ್ ಚೌಕುಳಿಗಳ ಕ್ಯಾನ್ವಾಸ್ ಆರಡಿ ಚದರ, ಅಂದರೆ 183 ಸೆಂ.ಮೀ. ಅದನ್ನು 30 ಸೆಂ.ಮೀ.ಗೆ ಇಳಿಸಿದರೆ ಆರು ಪಟ್ಟು ಕುಗ್ಗಿತು. ಅರ್ಧ ಮಿ.ಮೀ.ಯ ಪೆನ್ಸಿಲ್ ಗೆರೆ 0.08 ಮಿ.ಮೀ. ಆಯಿತು. 300 ಡಿಪಿಐ (ಇಂಚಿಗೆ 300 ಚುಕ್ಕೆ) ಮುದ್ರಣದಲ್ಲಿ ಒಂದು ಚುಕ್ಕೆಯೇ 0.085 ಮಿ.ಮೀ. ಗೆರೆ ಉಳಿಯುವುದಾದರೂ ಹೇಗೆ? ಬೂದು ಮಂಜು ಮಾತ್ರ ಉಳಿಯುತ್ತದೆ.

ಕಾನೂನಿನ ಮಾತೂ ಒಂದಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಮಲೇವಿಚ್ (1935), ಮೊಂಡ್ರಿಯಾನ್ (1944), ಮಟೀಸ್ (1954) ಇವರದ್ದು ಇಲ್ಲಿ ಮುಗಿದಿದೆ. ಪಿಕಾಸೊದ್ದು 2033ರ ಕೊನೆಯವರೆಗೆ, ನಸ್ರೀನ್ ಅವರದ್ದು 2050ರವರೆಗೆ ಇದೆ. ಸ್ವಂತ ಮುದ್ರಿಸಿಕೊಳ್ಳುವವರಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ, ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ 2018ರಿಂದ ಹಕ್ಕು ಮುಗಿದ ಕೃತಿಗಳ ದೊಡ್ಡ ಫೈಲುಗಳನ್ನು ಪುಕ್ಕಟೆ ಕೊಡುತ್ತಿವೆ. ಹಳೆಯ ಜಪಾನೀ ಮರದಚ್ಚಿನ ಚಿತ್ರಗಳಲ್ಲಿ ಒಂದು ಹಕ್ಕಿ, ಉಳಿದದ್ದೆಲ್ಲ ಖಾಲಿ ಆಕಾಶ ಎಂಬಂಥವು ಬೇಕಾದಷ್ಟಿವೆ. ಎ3ಗೆ ಫೈಲ್ ಕನಿಷ್ಠ 3508×4961 ಪಿಕ್ಸೆಲ್, ಎ2ಗೆ 4961×7016 ಇರಬೇಕು.

ಊರಿನ ಅಂಗಡಿಯಲ್ಲಿ ಕಟ್ಟು ಹಾಕಿಸಿದರೆ

ಕಾಸರಗೋಡು, ಕುಂಬಳೆ, ಉಪ್ಪಳದ ಗಾಜು-ಫ್ರೇಮಿನ ಅಂಗಡಿಯವರ ಕೈ ಚೆನ್ನಾಗಿಯೇ ಇದೆ. ಮದುವೆಯ ಫೋಟೋ, ದೇವರ ಪಟ, ಅರಬಿ ಬರಹದ ಫಲಕಗಳಿಗೆ ದಿನವೂ ಕಟ್ಟು ಹಾಕುವವರು. ಮಿನಿಮಲಿಸ್ಟ್ ಚಿತ್ರಕ್ಕೆ ಮಾತ್ರ ಅವರ ರೂಢಿಯ ಎರಡು ಕೆಲಸ ತಪ್ಪಿಸಬೇಕು: ಹಾಳೆಯನ್ನು ಪೂರ್ತಿ ಗೋಂದಿನಲ್ಲಿ ಅಂಟಿಸುವುದು ಮತ್ತು ಗಾಜನ್ನು ಹಾಳೆಗೆ ತಾಗಿಸಿ ಇಡುವುದು. ‘ಅಂಟಿಸಬೇಡಿ ಅಣ್ಣಾ, ಮೇಲೆ ಎರಡು ಕಡೆ ಮಾತ್ರ ಹಿಡಿಸಿ’ ಎಂದು ಎದುರಿಗೇ ನಿಂತು ಹೇಳುವುದು ಒಳ್ಳೆಯದು.

ಕಾರಣ ಇದು. ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ನಾಲ್ಕೂ ಅಂಚು ಬಿಗಿದರೆ ಹಿಗ್ಗಲು ಜಾಗವಿಲ್ಲದೆ ನಡುವೆ ಅಲೆ ಏಳುತ್ತದೆ. ಖಾಲಿ ಬಿಳಿಯಲ್ಲಿ ಆ ಅಲೆಯ ನೆರಳು ದೂರಕ್ಕೇ ಕಾಣುತ್ತದೆ. ಮೇಲಂಚಿಗೆ ಮಾತ್ರ ತೆಳು ಜಪಾನೀ ಕಾಗದದ ಎರಡು ತುಂಡಿನಿಂದ, ಗೋಧಿಗಂಜಿಯ ಅಂಟು ಹಚ್ಚಿ, ಮೌಂಟ್ ಬೋರ್ಡಿಗೆ (ಫ್ರೇಮಿನೊಳಗೆ ಚಿತ್ರಕ್ಕೆ ಕೊಡುವ ದಪ್ಪ ರಟ್ಟು) ತೂಗುಹಾಕಬೇಕು. ಫ್ರೇಮಿನ ತೋಡಿನಲ್ಲಿ ಸುತ್ತಲೂ 2–3 ಮಿ.ಮೀ. ಬಿಡುವು ಇರಲಿ. ಸೆಲ್ಲೋಟೇಪ್ ಬೇಡವೇ ಬೇಡ, ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ.

ಗಾಜು ಹಾಳೆಗೆ ತಾಗಿದರೆ ಆಟಿಯಲ್ಲಿ ಎರಡರ ನಡುವೆ ತೇವ ನಿಲ್ಲುತ್ತದೆ, ಇಂಕ್‌ಜೆಟ್ ಕಾಗದದ ಮೇಲ್ಪದರ ಗಾಜಿಗೆ ಹಿಡಿದುಕೊಳ್ಳುತ್ತದೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತುಬರುತ್ತದೆ. ಆಸಿಡ್‌ಫ್ರೀ ಮೌಂಟ್ ಬೋರ್ಡ್ ಒಂದೂವರೆ ಮಿ.ಮೀ. ಆದರೂ ನಡುವೆ ಇರಬೇಕು, ಇಲ್ಲವೇ 3–5 ಮಿ.ಮೀ. ಸ್ಪೇಸರ್ ಹಾಕಿಸಿ. ಮಾಮೂಲಿ ಬೋರ್ಡಿನ ಓರೆಕಟ್ಟಿನ ಬಿಳಿ ಅಂಚು ಕೆಲವು ವರ್ಷದಲ್ಲಿ ಕಂದಾಗುತ್ತದೆ, ಜತೆಗೆ ಚಿತ್ರದ ಸುತ್ತ ಕಂದು ಚೌಕಟ್ಟು ಮೂಡಿಸುತ್ತದೆ. ಎ3 ಚಿತ್ರಕ್ಕೆ ಮೂರು ಬದಿಗೆ 6 ಸೆಂ.ಮೀ., ಕೆಳಗೆ 7 ಸೆಂ.ಮೀ. ಮೌಂಟ್ ಸರಿಹೋಗುತ್ತದೆ. ಕೆಳಗೂ ಆರೇ ಇಟ್ಟರೆ ಚಿತ್ರ ಜಾರಿದಂತೆ ಕಾಣುತ್ತದೆ.

ಆ ಅಳತೆಗೆ 2 ಮಿ.ಮೀ. ಗಾಜು ಸುಮಾರು 1.15 ಕಿಲೋ ತೂಗುತ್ತದೆ, ಅದೇ ದಪ್ಪದ ಆ್ಯಕ್ರಿಲಿಕ್ ಅರ್ಧ ಕಿಲೋ ಚಿಲ್ಲರೆ. ಆ್ಯಕ್ರಿಲಿಕ್ ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಗೀರು ಬೀಳುತ್ತದೆ, ಧೂಳನ್ನು ಎಳೆದುಕೊಳ್ಳುತ್ತದೆ, ಅಮೋನಿಯಾ ಇರುವ ಗಾಜು ಒರಸುವ ದ್ರವ ತಾಗಿದರೆ ಮಸುಕಾಗುತ್ತದೆ. ಒದ್ದೆ ಹತ್ತಿಬಟ್ಟೆಯಲ್ಲೇ ಒರಸಬೇಕು. ಪ್ರತಿಫಲನವೂ ಗಮನಿಸಬೇಕಾದ್ದೇ. ಮಾಮೂಲಿ ಗಾಜು ಎರಡು ಮೈಯಲ್ಲಿ ಸೇರಿ ಶೇ. 8ರಷ್ಟು ಬೆಳಕು ಹಿಂದಕ್ಕೆಸೆಯುತ್ತದೆ. ತಿಳಿ ಚಿತ್ರದಲ್ಲಿ ಇದು ಗೊತ್ತಾಗದು, ಕಪ್ಪು ಬಯಲಿನ ಚಿತ್ರ ಮಾತ್ರ ಕನ್ನಡಿಯಾಗುತ್ತದೆ, ಕಾಣುವುದು ಎದುರಿನ ಕಿಟಕಿ ಮತ್ತು ಫ್ಯಾನು. ತರಿತರಿ ಮೈಯ ‘ನಾನ್-ಗ್ಲೇರ್’ ಗಾಜು ಹಾಕಿಸೋಣವೆಂದರೆ ಮೌಂಟಿನ ದಪ್ಪದಷ್ಟು ದೂರ ನಿಂತಾಗ ಅದು ಗೆರೆಯನ್ನೇ ಮಬ್ಬು ಮಾಡುತ್ತದೆ.

ಹಿಂದಿನ ಹಲಗೆಗೆ ಹಾರ್ಡ್‌ಬೋರ್ಡ್, ಎಂಡಿಎಫ್ ಎರಡೂ ಬೇಡ. ಬೋರ್ಡು ಬರೆಯುವವರಲ್ಲಿ ಸಿಗುವ 3 ಮಿ.ಮೀ. ಎಸಿಪಿ ಶೀಟ್ (ನಡುವೆ ಪ್ಲಾಸ್ಟಿಕ್, ಎರಡೂ ಬದಿ ಅಲ್ಯೂಮಿನಿಯಂ) ನೀರು ಕುಡಿಯುವುದಿಲ್ಲ, ಬಾಗುವುದಿಲ್ಲ. ಅದಿಲ್ಲದಿದ್ದರೆ ಸನ್‌ಪ್ಯಾಕ್ ಎಂಬ ಟೊಳ್ಳು ಪ್ಲಾಸ್ಟಿಕ್ ಶೀಟ್ ಆದೀತು. ಕೆಳಗಿನ ಎರಡು ಮೂಲೆಗೆ 5–6 ಮಿ.ಮೀ. ದಪ್ಪದ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಐದು ರೂಪಾಯಿಯ ಈ ಗುಂಡಿಯಷ್ಟು ಲಾಭದ ಖರ್ಚು ಇಡೀ ಕೆಲಸದಲ್ಲಿ ಇನ್ನೊಂದಿಲ್ಲ.

ಮುದ್ರಣ ಹತ್ತಿಕಾಗದದಲ್ಲಿ, ಚದರ ಮೀಟರಿಗೆ 300 ಗ್ರಾಂ ಆಸುಪಾಸಿನದ್ದರಲ್ಲಿ, ಪಿಗ್ಮೆಂಟ್ ಶಾಯಿಯಲ್ಲಿ ಆಗಬೇಕು. ಹೊರಗಿನಿಂದ ಕೊರಿಯರಿನಲ್ಲಿ ತರಿಸುವುದಾದರೆ ಕೊಳವೆಯೊಳಗೆ ಪ್ಲಾಸ್ಟಿಕ್ ಲಕೋಟೆ ಕೇಳಿ ಹಾಕಿಸಿಕೊಳ್ಳಿ, ಕೊಳವೆ ಮೂರಿಂಚಿಗಿಂತ ಸಪೂರ ಬೇಡ. ಬಂದದ್ದನ್ನು ಒಂದು ದಿನ ಸಮತಟ್ಟಾಗಿ ಭಾರದ ಕೆಳಗಿಟ್ಟು ಆಮೇಲೆ ಅಂಗಡಿಗೆ ಒಯ್ಯಿರಿ. ಎಲ್ಲ ಸೇರಿ ಮೂರು ಚಿತ್ರಕ್ಕೆ ಸೆಟ್ಟಿನ ಬೆಲೆಯ ಐದಾರು ಪಟ್ಟು ಬೀಳಬಹುದು. ಮೂರರ ಬದಲು ಒಂದೇ ಚಿತ್ರ, ಎ2 ಅಳತೆಯಲ್ಲಿ ಮಾಡಿಸಿದರೆ ಖರ್ಚೂ ಇಳಿಯುತ್ತದೆ, ಗೋಡೆಗೂ ಅದೇ ಚಂದ.

ಗೋಡೆ

ಬೂಸ್ಟು ಹಿಡಿಯಲು ಗಾಳಿಯ ಆರ್ದ್ರತೆ ಶೇ. 70 ಸಾಕು. ಜೂನಿನಿಂದ ಸೆಪ್ಟೆಂಬರಿನ ತನಕ ನಮ್ಮಲ್ಲಿ ಅದು ದಿನಗಟ್ಟಲೆ 80ರ ಮೇಲೆಯೇ ನಿಲ್ಲುತ್ತದೆ. ಗೋಡೆಯೇ ಒದ್ದೆಯೋ, ಗಾಳಿ ಮಾತ್ರ ಒದ್ದೆಯೋ ತಿಳಿಯಲು ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಇದ್ದರೆ ನೀರು ಗೋಡೆಯಿಂದ ಬರುತ್ತಿದೆ, ಅಲ್ಲಿ ಯಾವ ಚಿತ್ರವೂ ಉಳಿಯದು. ಹೊರಮೈಯಲ್ಲಿ ಮಾತ್ರ ಇದ್ದರೆ ರಬ್ಬರ್ ಗುಂಡಿಯಲ್ಲೇ ಸುಧಾರಿಸಬಹುದು. ಮಳೆಗಾಳಿ ಬಡಿಯುವ ಪಡುಗೋಡೆ ಹೆಚ್ಚಾಗಿ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಎರಡು ಕೋಣೆಗಳ ನಡುವಿನ ಒಳಗೋಡೆ ಒಳ್ಳೆಯದು.

ಮುರಕಲ್ಲು (ಜಂಬಿಟ್ಟಿಗೆ) ಮೆದು, ತೂತು ತೂತು. ಹ್ಯಾಮರ್ ಮೋಡಿನಲ್ಲಿ ಡ್ರಿಲ್ ಮಾಡಿದರೆ ಒಳಗೆ ಕಲ್ಲು ಪುಡಿಯಾಗಿ ತೂತು ದೊಡ್ಡದಾಗುತ್ತದೆ, ಪ್ಲಗ್ ಸುಮ್ಮನೆ ತಿರುಗುತ್ತದೆ. ಹ್ಯಾಮರ್ ಬಂದ್ ಮಾಡಿ ತಿರುಗಿಸಿಯೇ ಕೊರೆಯಬೇಕು. ಗಾರೆಯೇ ಒಂದೂವರೆ ಎರಡು ಸೆಂ.ಮೀ. ಇರುವುದರಿಂದ ಚಿಕ್ಕ ಪ್ಲಗ್ ಕಲ್ಲಿಗೆ ತಾಗುವುದೇ ಇಲ್ಲ. 8 ಮಿ.ಮೀ. ದಪ್ಪ, 50–60 ಮಿ.ಮೀ. ಉದ್ದದ್ದು ಹಾಕಿ. ಸಡಿಲವಾದರೆ ಎಪಾಕ್ಸಿ ಪುಟ್ಟಿ ತುಂಬಿ, ಪ್ಲಗ್ ಒತ್ತಿ, ಗಟ್ಟಿಯಾದ ಮೇಲೆ ಸ್ಕ್ರೂ ಬಿಗಿಯಿರಿ. ಕಡಲ ಬದಿಯಲ್ಲಿ ಸ್ಟೇನ್‌ಲೆಸ್ ಸ್ಕ್ರೂವೇ ಬೇಕು, ಮಾಮೂಲಿಯದ್ದು ಉಪ್ಪುಗಾಳಿಗೆ ತುಕ್ಕು ಹಿಡಿದು ಗೋಡೆಗೆ ಕಂದು ಕಣ್ಣೀರು ಇಳಿಸುತ್ತದೆ. ಸೆಟ್ಟಿನೊಂದಿಗೆ ಬರುವ ಎರಡು ಬದಿಯ ಅಂಟುಟೇಪನ್ನು ಬಳಸದಿರುವುದೇ ಲೇಸು. ಸುಣ್ಣ, ಡಿಸ್ಟೆಂಪರ್ ಬಳಿದ ಗೋಡೆಯಲ್ಲಿ ಅದು ಹಿಡಿಯುವುದು ಬಣ್ಣದ ಪುಡಿಯನ್ನು, ಗೋಡೆಯನ್ನಲ್ಲ.

ಹಲ್ಲಿನ ಹುಕ್ಕು ಒಂದೇ ಇದ್ದರೆ ಬಾಗಿಲು ಬಡಿದಾಗೆಲ್ಲ ಫ್ರೇಮು ಓರೆಯಾಗುತ್ತದೆ. ಖಾಲಿ ಚಿತ್ರದಲ್ಲಿ 3 ಮಿ.ಮೀ. ಓರೆಯೂ ಕಣ್ಣಿಗೆ ಚುಚ್ಚುತ್ತದೆ. ಹಿಂದೆ ಎರಡು ಡಿ-ರಿಂಗ್, ಗೋಡೆಯಲ್ಲಿ ಎರಡು ಸ್ಕ್ರೂ, ರಸಮಟ್ಟ ಇಟ್ಟು ಗುರುತು. ಚಿತ್ರದ ನಡುಮಧ್ಯ ನೆಲದಿಂದ 145–150 ಸೆಂ.ಮೀ. ಸೋಫಾದ ಮೇಲಾದರೆ ಸೋಫಾದ ತಲೆಯಿಂದ ಫ್ರೇಮಿನ ಕೆಳಂಚಿಗೆ 15–20 ಸೆಂ.ಮೀ. ಮೂರರ ನಡುವೆ 6 ಸೆಂ.ಮೀ. ಬಿಟ್ಟರೆ ಈ ಸೆಟ್ ಒಟ್ಟು 110 ಸೆಂ.ಮೀ. ಆಸುಪಾಸು ಅಗಲ ಬರುತ್ತದೆ, ಆರಡಿ ಸೋಫಾಕ್ಕೆ ಸರಿ. ಹಳೆಯ ಹಂಚಿನ ಮನೆಯ ಚಾವಡಿಯಲ್ಲಿ ಗೋಡೆಯೇ ತೂಗುಗುಂಡಿಗೆ ಸರಿಯಿರುವುದಿಲ್ಲ. ಅಲ್ಲಿ ಮೂರರ ಸಾಲು ಗೋಡೆಯ ಓರೆಯನ್ನು ಎತ್ತಿ ತೋರಿಸುತ್ತದೆ, ಒಂದೇ ಸಾಕು.

ಫ್ರೇಮೇ ಇಲ್ಲದ ದಾರಿ

ನಮ್ಮ ಹವೆಗೆ ಎಲ್ಲಕ್ಕಿಂತ ಹೊಂದುವುದು ಅಮೆರಿಕದ ಕಲಾವಿದ ಸೋಲ್ ಲೆವಿಟ್ ತೋರಿಸಿದ ದಾರಿ. 1968ರಲ್ಲಿ ನ್ಯೂಯಾರ್ಕಿನ ಪಾಲಾ ಕೂಪರ್ ಗ್ಯಾಲರಿಯ ಗೋಡೆಗೆ ಪೆನ್ಸಿಲಿನಲ್ಲಿ ನೇರ ಎಳೆದದ್ದರಿಂದ ಶುರುವಾಗಿ, ಆತ 1,200ಕ್ಕೂ ಹೆಚ್ಚು ಗೋಡೆಚಿತ್ರಗಳನ್ನು ಸೂಚನೆಯ ರೂಪದಲ್ಲಿ ಬಿಟ್ಟುಹೋದ. ಕೊಂಡವರ ಕೈಗೆ ಬರುವುದು ಪ್ರಮಾಣಪತ್ರ ಮತ್ತು ನಕ್ಷೆ. ಬಿಡಿಸುವವರು ಬೇರೆಯವರು, ಮನೆ ಬದಲಿಸಿದರೆ ಹಳೆಯದಕ್ಕೆ ಬಿಳಿ ಬಳಿದು ಹೊಸ ಗೋಡೆಯಲ್ಲಿ ಮತ್ತೆ ಬರೆಸಬಹುದು. ಕಾಗದವಿಲ್ಲದ ಕಡೆ ಬೂಸ್ಟಿಗೆ, ಬೆಳ್ಳಿಹುಳಕ್ಕೆ ತಿನ್ನಲು ಹೆಚ್ಚೇನಿಲ್ಲ. ಅವನ ಕೃತಿಯನ್ನೇ ನಕಲು ಮಾಡಬೇಕಾಗಿಲ್ಲ. 90 ಸೆಂ.ಮೀ. ವ್ಯಾಸದ ಒಂದು ಕಾವಿ ಬಣ್ಣದ ವೃತ್ತ ಸಾಕು.

ಗೋಡೆಗೆ ಪುಟ್ಟಿ ಎರಡು ಕೋಟು, 180 ನಂಬರಿನ ಸ್ಯಾಂಡ್‌ಪೇಪರ್, ಆಮೇಲೆ 320. ಪ್ರೈಮರ್ ಒಂದು, ತಳದ ಬಣ್ಣ ಎರಡು ಕೋಟು, ಬಳಿಕ ಪೂರ್ತಿ ಒಂದು ದಿನ ಬಿಡಿ. ಬೇಗ ಟೇಪ್ ಹಾಕಿದರೆ ತೆಗೆಯುವಾಗ ತಳವೂ ಎದ್ದುಬರುತ್ತದೆ. ವೃತ್ತಕ್ಕೆ ನೂಲು ಬೇಡ, ಅದು ಎಳೆದಷ್ಟು ಹಿಗ್ಗಿ ವೃತ್ತ ಮೊಟ್ಟೆಯಾಗುತ್ತದೆ. ಸಪೂರ ರೀಪಿನಲ್ಲಿ 45 ಸೆಂ.ಮೀ. ಅಂತರಕ್ಕೆ ಎರಡು ತೂತು ಕೊರೆದು, ಒಂದಕ್ಕೆ ಮೊಳೆ, ಇನ್ನೊಂದಕ್ಕೆ ಪೆನ್ಸಿಲ್. ತಿರುವಿಗೆ ಬಾಗುವ ಸಪೂರ ಮಾಸ್ಕಿಂಗ್ ಟೇಪನ್ನು ಗೆರೆಯ ಹೊರಗೆ ಹಾಕಿ, ಅಂಚು ಬೆರಳಿನಲ್ಲಿ ಒತ್ತಿ, ಮೊದಲು ತಳದ ಬಣ್ಣವನ್ನೇ ಟೇಪಿನ ಅಂಚಿಗೆ ಒಮ್ಮೆ ಸವರಿ. ಸೋರುವುದಿದ್ದರೆ ಅದೇ ಬಣ್ಣ ಸೋರಿ ಸಂದು ಮುಚ್ಚುತ್ತದೆ, ಮೇಲಿನ ಕಾವಿ ಒಳಗೆ ನುಗ್ಗುವುದಿಲ್ಲ. ಒಂದು ಗಂಟೆ ಬಿಟ್ಟು ನಾಲ್ಕಿಂಚಿನ ರೋಲರಿನಲ್ಲಿ ಕಾವಿ ತೆಳ್ಳಗೆ ಎರಡು ಕೋಟು. ಎರಡನೆಯದು ಇನ್ನೂ ಹಸಿಯಿರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ 45 ಡಿಗ್ರಿಯಲ್ಲಿ ಎಳೆಯಿರಿ. ಒಂದು ಲೀಟರ್ ಎಮಲ್ಶನ್ ಒಂದು ಕೋಟ್‌ಗೆ ಹತ್ತು ಚದರ ಮೀಟರಿನಷ್ಟು ಬರುತ್ತದೆ, ಈ ವೃತ್ತಕ್ಕೆ ಎರಡು ಕೋಟ್‌ಗೂ ಸೇರಿ 150 ಮಿ.ಲೀ. ಧಾರಾಳ. ಮ್ಯಾಟ್ ಬಣ್ಣವೇ ಇರಲಿ, ಹೊಳಪಿನದ್ದು ರೋಲರ್ ಓಡಿದ ಗುರುತನ್ನೆಲ್ಲ ತೋರಿಸುತ್ತದೆ. ಮರಳು ಎದ್ದ ಒರಟು ಗಾರೆಯಲ್ಲಿ, ಬಿಳಿ ಉಪ್ಪು ಹೊರಬರುವ ಗೋಡೆಯಲ್ಲಿ ಈ ಕೆಲಸಕ್ಕೆ ಹೋಗಬೇಡಿ.

ಯಾರಿಗೆ ಯಾವುದು

ಬಾಡಿಗೆ ಮನೆ, ಹೋಂಸ್ಟೇ ಕೋಣೆ, ಕ್ಲಿನಿಕ್ಕಿನ ಕಾಯುವ ಜಾಗ ಇಂಥಲ್ಲಿಗೆ ಕಪ್ಪು ಫ್ರೇಮಿನ ಸೆಟ್ ತಗೊಳ್ಳಬಹುದು, ಹಿಂಬದಿಗೆ ವಾರ್ನಿಶ್ ಕೊಟ್ಟೇ ಹಾಕಬೇಕು. ಮುಖದ ಚಿತ್ರ ಇಲ್ಲದ ಸೆಟ್ ಆರಿಸಿಕೊಳ್ಳಿ. ಸ್ವಂತ ಮನೆಯಾದರೆ ಒಂದೇ ಒಳ್ಳೆಯ ಮುದ್ರಣ ಅಥವಾ ಗೋಡೆಯ ಬಣ್ಣ. ಕ್ಯಾನ್ವಾಸಿನ ಸೆಟ್ಟುಗಳನ್ನು ಇಲ್ಲಿ ಸೇರಿಸಿಲ್ಲ. ಅಗ್ಗದವುಗಳ ಒಳಮರ ಹಸಿಯಾಗಿರುತ್ತದೆ, ಬೆಣೆಯೂ ಇರುವುದಿಲ್ಲ, ಮಳೆಗಾಲದಲ್ಲಿ ಸಡಿಲಾದ ಬಟ್ಟೆಯನ್ನು ಮತ್ತೆ ಬಿಗಿಯಲು ದಾರಿಯಿಲ್ಲ.

ಸೆಟ್ ತರಿಸುವವರು ಪೆಟ್ಟಿಗೆಯನ್ನು ಮೂಲೆಯ ತರ್ಮಕೋಲಿನ ಸಮೇತ ಹಿಂದಿರುಗಿಸುವ ಗಡುವು ಮುಗಿಯುವ ತನಕ ಎಸೆಯಬೇಡಿ. ಬಂದ ದಿನವೇ ಹಗಲು ಬೆಳಕಿನಲ್ಲಿ ಮೂರನ್ನೂ ನೆಲದಲ್ಲಿ ಜೋಡಿಸಿ ಹಿನ್ನೆಲೆಯ ಬಣ್ಣ ಹೋಲಿಸಿ, ಪಟ್ಟೆ ನೋಡಿ, ಮೂಲೆಯ ಸಂದಿನಲ್ಲಿ ಉಗುರು ಹೋಗುತ್ತದೆಯೇ ನೋಡಿ. ವಾರ್ನಿಶ್ ಬಳಿದ ಮೇಲೆ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.